ಆಪತ್ಸಿದ್ಧತೆಯೂ ಪರೀಕ್ಷಾಧರ್ಮವೂ

ಆಪತ್ತಿಗೆ ಉಪಾಯವನ್ನು ಬರೆದಿಟ್ಟ ಮಾತ್ರದಿಂದ ಕರ್ತವ್ಯವು ಮುಗಿಯುವುದಿಲ್ಲ. 2012ನೆಯ ಇಸವಿ ಜುಲೈ 30ರಂದು ಉತ್ತರ ಭಾರತದ ವಿದ್ಯುಜ್ಜಾಲವು ಕುಸಿಯಿತು. ಮರುದಿನ ಅದು ಪೂರ್ವ, ಈಶಾನ್ಯ ಜಾಲಗಳೊಡನೆ ಪುನಃ ಕುಸಿಯಲು, ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ವಿದ್ಯುತ್ತನ್ನು ಕಳೆದುಕೊಂಡಿತು.

ಹೀಗೆ ನಿಂತ ಜಾಲವನ್ನು ಎಬ್ಬಿಸುವುದು ಸುಲಭಸಾಧ್ಯವಲ್ಲ. ಕಲ್ಲಿದ್ದಲಿನ ವಿದ್ಯುದಾಗಾರವು ತನ್ನ ಪಂಪುಗಳನ್ನು ನಡೆಯಿಸಲಿಕ್ಕೇ ಹೊರಗಿನ ವಿದ್ಯುತ್ತನ್ನು ಬೇಡುತ್ತದೆ. ಆದುದರಿಂದ ಡೀಸೆಲ್ ಯಂತ್ರದ ನೆರವಿನಿಂದ ಜಲವಿದ್ಯುದಾಗಾರವನ್ನು ಮೊದಲು ಚಾಲನೆಗೊಳಿಸಿ, ಹಣತೆಯಿಂದ ಹಣತೆಗೆ ದೀಪ ಹಚ್ಚುವಂತೆ ಅಲ್ಲಿಂದ ಶಕ್ತಿಯನ್ನು ಒಯ್ಯಬೇಕು. ಈ ಕ್ರಮವನ್ನು ಆರು ತಿಂಗಳಿಗೊಮ್ಮೆಯಾದರೂ ಪ್ರಯೋಗಿಸಿ ನೋಡತಕ್ಕದ್ದೆಂದು 2010ರ ಭಾರತೀಯ ವಿದ್ಯುಜ್ಜಾಲ ಸಂಹಿತೆಯು ವಿಧಿಸಿತ್ತು.

ಇಂತಹ ಪ್ರಯೋಗಕ್ಕೆ ಜಾಲದ ಒಂದು ಭಾಗವನ್ನು ಬೇರ್ಪಡಿಸಬೇಕು. ಅಲ್ಲಿ ವಿದ್ಯುತ್ತು ನಿಲ್ಲಲೂಬಹುದು. ಸಂದಿಗ್ಧವಾದ ನಾಳಿನ ವಿಪತ್ತಿಗಾಗಿ ಇಂದು ಜನರಿಗೆ ಕ್ಲೇಶವನ್ನು ಕೊಡುವುದು ನ್ಯಾಯವೇ? ನ್ಯಾಯವೆಂದೇ ಹೇಳಬೇಕು, ಏಕೆಂದರೆ ಪರೀಕ್ಷೆಯ ಕತ್ತಲೆಗೆ ಮುನ್ಸೂಚನೆಯುಂಟು, ಅವಧಿಯುಂಟು, ವಿಪತ್ತಿನ ಕತ್ತಲೆಗೆ ಎರಡೂ ಇಲ್ಲ. ಆದರೆ ಈ ನ್ಯಾಯವು ಒಂದು ನಿಯಮಕ್ಕೆ ಒಳಪಟ್ಟಿದೆ: ಕಂಡ ದೋಷವನ್ನು ಇದ್ದಂತೆಯೇ ಬರೆಯಬೇಕು. ಯಂತ್ರವು ಸೋತುದು ಅಪರಾಧವಲ್ಲ. ದೋಷದರ್ಶನವೇ ಪರೀಕ್ಷೆಯ ಫಲ. ಸೋಲನ್ನು ಮರೆಸಿ "ಎಲ್ಲವೂ ಸರಿಯಾಗಿದೆ" ಎಂದು ವರದಿ ಮಾಡಿದವನು, ನಾಳೆ ಆ ವಿದ್ಯುತ್ತನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಮಲಗುವ ರೋಗಿಗೆ ಅನೃತವನ್ನು ನುಡಿದಂತೆಯೇ ಸರಿ.