ಗೋಡೆಯ ಈಚೆ ನಿಂತವರ ಲೆಕ್ಕ

ಒಳಗಿದ್ದವನು ಬಾಗಿಲು ತೆಗೆಯದಿದ್ದರೆ ಸೈನಿಕರು ಗೋಡೆಯನ್ನೇ ಬಾಗಿಲು ಮಾಡಿಕೊಳ್ಳುತ್ತಾರೆ. ಗೋಡೆಗೆ ಸ್ಫೋಟಕ ಅಂಟಿಸಿ, ಕೆಲವೇ ಮೀಟರ್ ಹಿಂದೆ ಒಬ್ಬರ ಬೆನ್ನಿಗೊಬ್ಬರು ಸಾಲಾಗಿ ನಿಂತು, ಸಿಡಿಸಿ, ಧೂಳು ಅಡಗುವ ಮುಂಚೆಯೇ ಒಳಗೆ ನುಗ್ಗುತ್ತಾರೆ. ಅಮೆರಿಕದ ಸೇನೆಯಲ್ಲಿ ಈ ಕೆಲಸದವರಿಗೆ ಬ್ರೀಚರ್ ಅಂತ ಹೆಸರು. 2008ರ ನವೆಂಬರಿನಲ್ಲಿ ಮುಂಬೈನ ನರಿಮನ್ ಹೌಸಿನಲ್ಲಿ ನಮ್ಮ ಎನ್‌ಎಸ್‌ಜಿ ಕಮಾಂಡೋಗಳೂ ಗೋಡೆ ಒಡೆಯಲು ಸ್ಫೋಟಕ ಬಳಸಿದ್ದರು.

ಗೋಡೆಯ ಆಚೆ ಇದ್ದವನಿಗೆ ಏನಾಯಿತು ಅನ್ನೋದನ್ನು ಸಿನಿಮಾಗಳು ಚೆನ್ನಾಗಿ ತೋರಿಸುತ್ತವೆ. ನನ್ನನ್ನು ಕಾಡುತ್ತಿರುವುದು ಈಚೆ ನಿಂತವನ ವಿಷಯ.

ಸ್ಫೋಟ ಆದಾಗ ಚೂರುಗಳ ಜೊತೆ ಒತ್ತಡದ ಅಲೆಯೊಂದು ಹೊರಡುತ್ತದೆ. ಅದು ಚರ್ಮ ಸೀಳುವುದಿಲ್ಲ, ರಕ್ತ ಸುರಿಸುವುದಿಲ್ಲ, ದೇಹದೊಳಗೆ ಹಾದುಹೋಗುತ್ತದೆ ಅಷ್ಟೆ. ಇದಕ್ಕೆ ಅಮೆರಿಕದ ಸೇನೆ ಬಹುಕಾಲದಿಂದ ಇಟ್ಟುಕೊಂಡಿರುವ ಗಡಿ 4 ಪಿಎಸ್‌ಐ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಟಯರಿಗೆ "32 ಹಾಕಿ" ಅಂತೀವಲ್ಲ, ಅದೇ ಅಳತೆ. ಕಿವಿಯ ತಮಟೆ ಹರಿಯುವ ಅಪಾಯ ಶುರುವಾಗುವುದು ಸುಮಾರು 5ರಲ್ಲಿ. ಹಾಗಾಗಿ ಈ ಗಡಿ ಕಿವಿಯನ್ನು ಕಾಯಬಹುದು. ಆದರೆ ಅದೇ ಏಟು ನೂರಾರು ಸಲ ಬಿದ್ದರೆ ಮಿದುಳು ಏನಾಗುತ್ತದೆ ಅಂತ ಅದು ಹೇಳುವುದಿಲ್ಲ.

ಎಷ್ಟು ದೂರ ನಿಲ್ಲಬೇಕು ಅನ್ನೋದಕ್ಕೂ ಸೂತ್ರವಿದೆ. ದೂರ ಹೆಚ್ಚುವುದು ಸ್ಫೋಟಕದ ತೂಕದ ಘನಮೂಲದ ಪ್ರಕಾರ: ತೂಕ 8 ಪಟ್ಟಾದರೆ ದೂರ 2 ಪಟ್ಟು. ಬಯಲಿನಲ್ಲಿ ಈ ಲೆಕ್ಕ ಸರಿ. ಕಾರಿಡಾರಿನಲ್ಲಿ, ಮೂಲೆಯಲ್ಲಿ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒತ್ತಡ ಇಮ್ಮಡಿಯೋ ಅದಕ್ಕಿಂತ ಹೆಚ್ಚೋ ಆಗಬಹುದು. ಗೋಡೆ ಒಡೆಯುವವರು ನಿಲ್ಲಬೇಕಾದದ್ದು ಎಷ್ಟೋ ಸಲ ಇಂಥ ಜಾಗಗಳಲ್ಲೇ.

ಅನುಮಾನ ಹೊಸದೇನಲ್ಲ. ಒಂದನೇ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ 'ಶೆಲ್ ಶಾಕ್' ಬಗ್ಗೆ ಬರೆದ. ಅದು ಮಿದುಳಿನ ಗಾಯವೋ ಮನಸ್ಸಿನದೋ ಅಂತ ಅವತ್ತು ಶುರುವಾದ ಜಗಳ ಮುಗಿಯಲೇ ಇಲ್ಲ. 2013ರಲ್ಲಿ ನ್ಯೂಜಿಲೆಂಡಿನ ಬ್ರೀಚರ್‌ಗಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು: ತರಬೇತಿಯ ನಂತರ ರಕ್ತದಲ್ಲಿ ಮಿದುಳಿನ ಹಾನಿ ಸೂಚಿಸುವ ಅಂಶಗಳು ಹೆಚ್ಚು ಏರಿದ್ದವರಲ್ಲಿ ಪ್ರತಿಕ್ರಿಯೆಯ ವೇಗ ಕುಗ್ಗಿತ್ತು. 2016ರಲ್ಲಿ ಡೇನಿಯಲ್ ಪರ್ಲ್ ಮತ್ತು ಸಂಗಡಿಗರು, ಸ್ಫೋಟಕ್ಕೆ ಒಡ್ಡಿಕೊಂಡಿದ್ದ ಕೆಲವು ಮೃತ ಸೈನಿಕರ ಮಿದುಳುಗಳಲ್ಲಿ ಒಂದೇ ಬಗೆಯ ಗಾಯದ ಕಲೆಗಳನ್ನು ತೋರಿಸಿದರು. ಆ ಕಲೆ ಕಂಡದ್ದು ಸತ್ತ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ. ಬದುಕಿದ್ದಾಗ ಕಾಣುವುದು ತಲೆನೋವು, ನಿದ್ದೆಗೇಡು, ಮರೆವು, ಕಾರಣವಿಲ್ಲದ ಸಿಟ್ಟು.

ಈಗ ನನ್ನ ಪ್ರಶ್ನೆ. ಈ ಹಾನಿ ಮಾಡಿದವರು ಯಾರು?

ಶತ್ರು ಅನ್ನೋ ಹಾಗಿಲ್ಲ. ಬ್ರೀಚರ್‌ಗಳಿಗೆ ಬೀಳುವ ಏಟುಗಳಲ್ಲಿ ಹೆಚ್ಚಿನವು ತರಬೇತಿಯಲ್ಲಿ, ತಮ್ಮದೇ ಮೈದಾನದಲ್ಲಿ, ತಾವೇ ಇಟ್ಟ ಸ್ಫೋಟಕದಿಂದ. ಅವರಲ್ಲೂ ಹೆಚ್ಚು ತಿನ್ನುವವನು ತರಬೇತುದಾರ. ವಿದ್ಯಾರ್ಥಿಗಳು ಬಂದು ಹೋಗುತ್ತಾರೆ, ಅವನು ಪ್ರತಿ ತಂಡದ ಜೊತೆಗೂ ನಿಲ್ಲುತ್ತಾನೆ. ಹಾಗಾದರೆ ಆದೇಶ ಕೊಟ್ಟವರೇ? ಅವರನ್ನು ಕೇಳಿದರೆ ಪ್ರತಿ ಸ್ಫೋಟವೂ ಗಡಿಯೊಳಗೇ ಇತ್ತು ಅಂತಾರೆ. ಅದು ಸುಳ್ಳೂ ಅಲ್ಲದಿರಬಹುದು.

ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1984ರಲ್ಲಿ ಒಂದು ವಿಚಿತ್ರ ಕಲ್ಪನೆ ಮುಂದಿಟ್ಟ. ಹಿಂಸೆ ಕೊಡುವವರು ಸಾವಿರ ಮಂದಿ. ಒಬ್ಬೊಬ್ಬನೂ ಒತ್ತುವ ಗುಂಡಿ ನೋವನ್ನು ಗೊತ್ತೇ ಆಗದಷ್ಟು ಹೆಚ್ಚಿಸುತ್ತದೆ. ಕೊನೆಗೆ ನೋವು ತಡೆಯಲಾರದಷ್ಟು. ಆದರೆ 'ನಾನು ನೋಯಿಸಿಲ್ಲ' ಅಂತ ಪ್ರತಿಯೊಬ್ಬನೂ ಹೇಳಬಲ್ಲ. ಹನಿ ಹನಿ ಗೂಡಿದರೆ ಹಳ್ಳ ಅಂತೀವಿ. ಹಳ್ಳದಲ್ಲಿ ಯಾರಾದರೂ ಮುಳುಗಿದರೆ ಯಾವ ಹನಿಯನ್ನು ಹಿಡಿಯೋದು? ಪಾರ್ಫಿಟ್‌ನ ಉತ್ತರ ಸರಳ: ನಾನೊಬ್ಬನೇ ಮಾಡಿದ್ದೆಷ್ಟು ಅಂತ ಕೇಳಿಕೊಂಡರೆ ಸಾಲದು, ಎಲ್ಲರೂ ಸೇರಿ ಮಾಡುತ್ತಿರುವುದೇನು ಅಂತಲೂ ಕೇಳಬೇಕು.

ನಮ್ಮ ಆಫೀಸುಗಳಲ್ಲೂ ಈ ರೋಗ ಗೊತ್ತಿರುವುದೇ. ಮಿತಿಯೊಳಗಿದೆ ಅಂತ ಟಿಕ್ ಹಾಕಿದ ಮೇಲೆ ಪ್ರಶ್ನೆ ಮುಗಿಯಿತು. ಒಂದು ಸಲಕ್ಕೆ ಅಂತ ಮಾಡಿದ ಮಿತಿಯಿಂದ ಒಂದು ಬದುಕಿನ ಲೆಕ್ಕ ತೀರಿಸಿಬಿಡುತ್ತೇವೆ.

ಸಹೋದ್ಯೋಗಿಯೊಬ್ಬರ ಹತ್ತಿರ ಇದನ್ನು ಹೇಳಿದಾಗ ಅವರು, "ಸೈನಿಕರಲ್ವಾ ಸಾರ್, ಸಾವಿಗೇ ಸಹಿ ಹಾಕಿ ಬಂದಿರ್ತಾರೆ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸೈನಿಕ ಸಹಿ ಹಾಕಿದ್ದು ಶತ್ರುವಿನ ಗುಂಡಿಗೆ. ತನ್ನದೇ ಸಂಸ್ಥೆ ಅಳೆಯದೆ ಬಿಟ್ಟ ಅಪಾಯಕ್ಕೆ ಅವನು ಯಾವಾಗ ಸಹಿ ಹಾಕಿದ? ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ. ಗೊತ್ತಾದ ಮೇಲೂ ಅವನು ಹೇಳಿಕೊಳ್ಳುವುದು ಕಷ್ಟ. ತಲೆನೋವು ಅಂದರೆ ತಂಡದಿಂದ ಹೊರಗೆ. ಹಾಗಾಗಿ "ಯಾರೂ ದೂರು ಕೊಟ್ಟಿಲ್ಲವಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಭ್ಯಾಸ ಕಡಿಮೆ ಮಾಡಿದರೆ ನಿಜವಾದ ಗೋಡೆಯ ಮುಂದೆ ಕೈ ತಪ್ಪುತ್ತದೆ. ಆಗ ಸಾಯುವವನು ಅದೇ ಸೈನಿಕ, ಅಥವಾ ಒಳಗಿರುವ ಒತ್ತೆಯಾಳು. ಇದನ್ನು ತಳ್ಳಿಹಾಕುವ ಹಾಗಿಲ್ಲ. ಯುದ್ಧದಲ್ಲಿ ಎರಡು ಹೆಜ್ಜೆ ಹಿಂದೆ ನಿಲ್ಲೋಕೆ ಜಾಗ ಇರದೇ ಹೋಗಬಹುದು. ಆದರೆ ತರಬೇತಿಯಲ್ಲಿ ಜಾಗ ನಮ್ಮದು, ಸಮಯ ನಮ್ಮದು. ನುಗ್ಗುವ ಕ್ರಮವನ್ನು ಹುಸಿ ಸ್ಫೋಟಕ ಇಟ್ಟು ಹತ್ತು ಸಲ ಕಲಿತು ನಿಜವಾದದ್ದನ್ನು ಒಂದು ಸಲ ಸಿಡಿಸಬಹುದು. ನೋಡುವವರು ದೂರ ಸರಿಯಬಹುದು. ತರಬೇತುದಾರರನ್ನು ಸರದಿಯಲ್ಲಿ ಬದಲಿಸಬಹುದು. 2024ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ಆದೇಶವೂ ಈ ದಿಕ್ಕಿನದೇ: ದೂರ ಹೆಚ್ಚಿಸಿ, ಹತ್ತಿರ ಇರುವವರ ಸಂಖ್ಯೆ ತಗ್ಗಿಸಿ, ಸೇರುವಾಗಲೇ ಮಿದುಳಿನ ಸಾಮರ್ಥ್ಯ ಪರೀಕ್ಷಿಸಿ ದಾಖಲಿಸಿ.

ಇಷ್ಟು ಮಾಡಿದರೂ ಸ್ವಲ್ಪ ಹಾನಿ ಉಳಿದೇ ಉಳಿಯುತ್ತದೆ. ಆ ಉಳಿದದ್ದು ಸಾಲ ಅಂತ ನಾನು ನಂಬುತ್ತೇನೆ. ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ ಬೆಂಗಳೂರಿನ ಯಲಹಂಕದ ಕಡೆ ಇದೆ. ಗುಂಡಿಗೆ ಎದೆಯೊಡ್ಡಿದವರನ್ನು ಗೌರವಿಸುವುದು ನಮಗೆ ಗೊತ್ತು. ನಲವತ್ತನೇ ವಯಸ್ಸಿಗೆ ಮಗಳ ಶಾಲೆಯ ದಾರಿ ಮರೆಯುವವನನ್ನು, ಸಣ್ಣ ಸದ್ದಿಗೆ ಹೆಂಡತಿಯ ಮೇಲೆ ರೇಗುವವನನ್ನು ಏನಂತ ಕರೆಯಬೇಕು ಅಂತ ಯಾವ ದೇಶಕ್ಕೂ ಸರಿಯಾಗಿ ತಿಳಿದಿಲ್ಲ. ಎಷ್ಟನೇ ಸ್ಫೋಟದಿಂದ ಹೀಗಾಯಿತು ಅಂತ ಸಾಬೀತು ಮಾಡು ಅಂತ ಅವನನ್ನೇ ಕೇಳುವುದು ಅನ್ಯಾಯ. ಪ್ರತಿ ಏಟನ್ನೂ ಬರೆದಿಡಬೇಕಾದವರು ಗೋಡೆ ಒಡೆಯಲು ಕಳಿಸಿದವರು. ಬರೆದಿಡದೆ ಹೋಗಿದ್ದರೆ, ಅನುಮಾನದ ಲಾಭ ಅವನಿಗೇ ಸಿಗಬೇಕು.