ಕಣಜದ ಬೀಜ, ದೀಪದಡಿಯ ಸಸಿ

ಕಣಜದಲ್ಲಿದ್ದಾಗ ಮೊಳೆಯದ ಬೀಜ ಹದವಾದ ಮಣ್ಣಿಗೆ ಬಿದ್ದಾಗ ಮೊಳೆಯುವುದೇಕೆ ಎಂಬ ಪ್ರಶ್ನೆಯನ್ನು ಭಾರತೀಯ ತಾರ್ಕಿಕರು ಶತಮಾನಗಳ ಕಾಲ ಚರ್ಚಿಸಿದುದು ಬೇಸಾಯದ ಕುತೂಹಲದಿಂದಲ್ಲ. ಕಾಲ ಸರಿದರೂ ತಾನಾಗಿಯೇ ಉಳಿಯುವ ವಸ್ತುವೊಂದು ಇದೆಯೇ, ಹಾಗೆ ಉಳಿಯುವ ಆತ್ಮವಿದೆಯೇ ಎಂಬ ದೊಡ್ಡ ವಿವಾದ ಈ ಸಣ್ಣ ಉದಾಹರಣೆಯನ್ನು ಆಶ್ರಯಿಸಿತ್ತು. ಕ್ಷಣಭಂಗವಾದಿಗಳಾದ ಬೌದ್ಧರು, ಎಂದರೆ ಇರುವುದೆಲ್ಲವೂ ಕ್ಷಣಮಾತ್ರವಿದ್ದು ತನ್ನಂಥದೇ ಮತ್ತೊಂದಕ್ಕೆ ಎಡೆಗೊಟ್ಟು ಅಳಿಯುತ್ತದೆ ಎನ್ನುವವರು, ಮೊಳೆಯುವ ಸಾಮರ್ಥ್ಯ ಮೊದಲೇ ಇದ್ದಿದ್ದರೆ ಬೀಜ ಕಣಜದಲ್ಲಿಯೇ ಮೊಳೆಯಬೇಕಿತ್ತು, ಆದುದರಿಂದ ಹೊಲದ ಬೀಜ ಬೇರೆಯದೇ ಎಂದು ವಾದಿಸಿ, ಮೊಳಕೆಗೆ ನೇರ ಮುಂಚಿನ ಕ್ಷಣದ ಬೀಜವನ್ನು ಕುರ್ವದ್ರೂಪ, ಅಂದರೆ ಕಾರ್ಯದಲ್ಲಿ ತೊಡಗಿರುವ ರೂಪ, ಎಂದರು. ನೈಯಾಯಿಕನಾದ ಉದಯನಾಚಾರ್ಯನು ಆತ್ಮತತ್ತ್ವವಿವೇಕದಲ್ಲಿ ಇದನ್ನು ಅಲ್ಲಗಳೆದು, ಬೀಜ ಒಂದೇ, ಮಣ್ಣು ನೀರು ಮೊದಲಾದ ಸಹಕಾರಿ ಕಾರಣಗಳು ಕೂಡುವವರೆಗೆ ಅದು ಕಾಯುತ್ತದೆ ಎಂಬ ಪಕ್ಷವನ್ನು ಸಮರ್ಥಿಸಿದನು.

ಚಳಿ ದೀರ್ಘವಾಗಿರುವ ನಾಡುಗಳಲ್ಲಿ, ಹೊರಗೆ ಮಂಜು ಹೆಪ್ಪುಗಟ್ಟುವ ರಾತ್ರಿಗಳು ಮುಗಿಯುವುದಕ್ಕೆ 6ರಿಂದ 8 ವಾರ ಮೊದಲೇ ಟೊಮೆಟೊದಂಥ ಬೀಜಗಳನ್ನು ಮನೆಯೊಳಗಿನ ಟ್ರೇಗಳಲ್ಲಿ ಬಿತ್ತಿ ಎಲ್‌ಇಡಿ ದೀಪದ ಕೆಳಗೆ ಸಸಿ ಎಬ್ಬಿಸುವ ರೂಢಿಯಿದೆ. ಇಲ್ಲಿ ಬೆಳಕೆಂಬ ಸಹಕಾರಿ ಮನುಷ್ಯನ ಕೈಗೆ ಬಂದಿರುವುದರಿಂದ ಹಳೆಯ ವಿವಾದವನ್ನು ಇನ್ನೊಂದು ಬದಿಯಿಂದ ನೋಡಲು ಸಾಧ್ಯವಾಗುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ನೆನೆದ ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣುವುದರ ಅಂಚಿನಲ್ಲಿರುವ ದೂರಕೆಂಪು ಬೆಳಕನ್ನೂ ಒಂದಾದ ಮೇಲೊಂದರಂತೆ ಹಾಯಿಸಿ, ಕೊನೆಯದು ಕೆಂಪಾದರೆ ಹೆಚ್ಚಿನವು ಮೊಳೆಯುತ್ತವೆ, ದೂರಕೆಂಪಾದರೆ ಹೆಚ್ಚಿನವು ತಡೆದುಕೊಳ್ಳುತ್ತವೆ ಎಂದು ತೋರಿಸಿದರು. ಮೊಳೆಯಲು ಸಿದ್ಧವಾದ ಬೀಜದ ಸ್ಥಿತಿ ಪೊಟ್ಟಣದ ಬೀಜದ ಸ್ಥಿತಿಯಲ್ಲ ಎಂಬ ಮಟ್ಟಿಗೆ ಬೌದ್ಧರ ಮಾತು ನಿಲ್ಲುತ್ತದೆ. ಆದರೆ ಸಿದ್ಧವಾದದ್ದು ಮತ್ತೆ ಹಿಂದಿನ ಸ್ಥಿತಿಗೆ ಮರಳಬಲ್ಲದಾದರೆ, ಎರಡೂ ಸ್ಥಿತಿಗಳನ್ನು ಹೊತ್ತಿರುವ ಆಶ್ರಯವೊಂದನ್ನು ಒಪ್ಪುವುದೇ ಸಹಜ. ಸದೃಶವಾದ ಬೇರೊಂದು ಕ್ಷಣ ಹುಟ್ಟಿತೆಂದು ಬೌದ್ಧನು ಉತ್ತರಿಸಬಹುದು, ಆಗ ಆ ಸಾದೃಶ್ಯ ಎಲ್ಲಿಂದ ಬಂತೆಂಬುದನ್ನು ಅವನೇ ವಿವರಿಸಬೇಕಾಗುತ್ತದೆ. ಉದಯನನ ಪಕ್ಷವೇ ಇಲ್ಲಿ ಬಲವಾದದ್ದು.

ಕರ್ತೃತ್ವದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಮೊಳಕೆಗೆ ಭೂಮಿ, ನೀರು, ತೇಜಸ್ಸು, ವಾಯು, ಆಕಾಶ ಮತ್ತು ಋತು ಕೂಡಬೇಕು, ಆದರೆ ಅವುಗಳಲ್ಲಿ ಯಾವುದಕ್ಕೂ ತಾನು ಮಾಡಿದೆನೆಂಬ ಭಾವವಿಲ್ಲ ಎಂಬುದು ಮಹಾಯಾನದ ಶಾಲಿಸ್ತಂಬ ಸೂತ್ರದ ನಿಲುವು. ದೀಪದಡಿಯ ಟ್ರೇಯಲ್ಲಿ ಋತುವೇ ಮನುಷ್ಯನಿರ್ಮಿತವಾಗಿದೆ: ಟೈಮರ್ 14ರಿಂದ 16 ತಾಸಿನ ಹಗಲನ್ನು ಕೊಡುತ್ತದೆ, ಫ್ಯಾನು ಗಾಳಿಯನ್ನು ಕೊಡುತ್ತದೆ, ಇವನ್ನು ಹೊಂದಿಸಿದವನಿಗೋ ತಾನು ಮಾಡಿದೆನೆಂಬ ಭಾವ ಇದ್ದೇ ಇರುತ್ತದೆ. ಆ ಭಾವ ಬರಿಯ ಭ್ರಮೆಯೂ ಅಲ್ಲ, ಏಕೆಂದರೆ ದೀಪವನ್ನು ತೀರ ಮೇಲೆ ತೂಗಿದರೆ ಸಸಿಗಳು ಬಿಳಿಚಿಕೊಂಡು ಸಪೂರವಾಗಿ ಉದ್ದಕ್ಕೆ ಬೆಳೆದು ಬೀಳುತ್ತವೆ, ಆ ತಪ್ಪಿಗೆ ತೂಗಿದವನೇ ಹೊಣೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸಿ ಕರ್ತೃವಿಗೆ ಒಂದು ಸ್ಥಾನ ಕೊಡುವುದರಿಂದ, ಹೊಣೆಯನ್ನು ಉಳಿಸಿಕೊಂಡೇ ಅಹಂಕಾರವನ್ನು ತಡೆಯುವ ದಾರಿ ಅಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಬೆಳಕು, ನೀರು, ಬಿಸಿ ಎಲ್ಲವೂ ಹದವಾಗಿದ್ದಾಗಲೂ ಮಣ್ಣಿನ ಶಿಲೀಂಧ್ರ ತಗುಲಿ ಎಳೆಯ ಸಸಿಗಳ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುವುದುಂಟು. ಅದಕ್ಕೆ ಕಾರಣವಿಲ್ಲವೆಂದಲ್ಲ, ಆ ಕಾರಣ ಕರ್ತೃವಿನ ವಶದಲ್ಲಿಲ್ಲ ಎಂಬಷ್ಟೇ ಅರ್ಥದಲ್ಲಿ ಐದನೆಯದಾದ ದೈವವನ್ನು ಇಲ್ಲಿ ಗ್ರಹಿಸಬಹುದು.