ಇಳಿಯುವ ದಿನ ಗೊತ್ತಿರುವ ಪೀಠ

ನ್ಯಾಯಮೂರ್ತಿಗಳು ಪೀಠ ಏರುವ ದಿನವೇ ಇಳಿಯುವ ದಿನವೂ ಗೊತ್ತಿರುತ್ತದೆ. ಹೈಕೋರ್ಟಿನಲ್ಲಾದರೆ 62 ತುಂಬುವವರೆಗೆ, ಸುಪ್ರೀಂ ಕೋರ್ಟಿನಲ್ಲಾದರೆ 65. ಎಷ್ಟೇ ವಿದ್ವತ್ತಿರಲಿ, ಎಂಥ ಹೆಸರಿರಲಿ, ಅದರ ಮೇಲೆ ಒಂದು ದಿನವೂ ಇಲ್ಲ. ಸಾವಿನ ದಿನ ತಿಳಿಯದಿರುವುದರಿಂದಲೇ ನಾವೆಲ್ಲ ನೆಮ್ಮದಿಯಿಂದ ಮನೆ ಕಟ್ಟುತ್ತೇವೆ, ಗಿಡ ನೆಡುತ್ತೇವೆ. ಪೀಠದಲ್ಲಿ ಕೂತವರಿಗೆ ಆ ನೆಮ್ಮದಿಯೂ ಇಲ್ಲ. ಅನಿತ್ಯದ ಬಗ್ಗೆ ಯೋಚಿಸುವಾಗ ನನ್ನ ಮನಸ್ಸು ಮತ್ತೆ ಮತ್ತೆ ಎಂ. ಫಾತಿಮಾ ಬೀವಿಯವರ ಬಳಿ ಹೋಗಿ ನಿಲ್ಲುತ್ತದೆ.

ತಿರುವಾಂಕೂರು ಸೀಮೆಯ ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದವರು. ಮಗಳು ಕಾನೂನು ಓದಲಿ ಎಂದು ಒತ್ತಾಯಿಸಿದ್ದು ತಂದೆ ಮೀರಾ ಸಾಹಿಬ್. ಅದೇ ಸೀಮೆಯಲ್ಲಿ 1937ರಲ್ಲಿ ಅನ್ನಾ ಚಾಂಡಿ ಎಂಬ ಮಹಿಳೆ ಮುನ್ಸೀಫರಾಗಿದ್ದರು. ಆ ತಂದೆಯ ಕಣ್ಣೆದುರು ಆ ಉದಾಹರಣೆ ಇತ್ತು. 1950ರಲ್ಲಿ ಸನ್ನದು, 1958ರಲ್ಲಿ ಮುನ್ಸೀಫ್ ಹುದ್ದೆ, 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಕೇರಳ ಹೈಕೋರ್ಟು. ಒಂದು ಮೆಟ್ಟಿಲನ್ನೂ ಹಾರದೆ ಹತ್ತಿದ ಹಾದಿ ಇದು. 1989ರ ಏಪ್ರಿಲ್ ಕೊನೆಗೆ 62 ತುಂಬಿತು, ನಿವೃತ್ತರಾದರು. ಮುಗಿಯಿತು ಎನ್ನುವಷ್ಟರಲ್ಲಿ, ಅದೇ ವರ್ಷದ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಆ ನ್ಯಾಯಾಲಯ ಶುರುವಾಗಿ ಆಗಲೇ ನಲವತ್ತು ವರ್ಷಗಳಾಗುತ್ತ ಬಂದಿದ್ದವು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಇ.ಎಸ್. ವೆಂಕಟರಾಮಯ್ಯ, ಅವರದ್ದು ಆರೇ ತಿಂಗಳ ಅವಧಿ, ಆ ಡಿಸೆಂಬರಿಗೆ ಮುಗಿದುಹೋಯಿತು.

ಫಾತಿಮಾ ಬೀವಿ ಅಲ್ಲಿ ಕೂತಿದ್ದು ಎರಡೂವರೆ ವರ್ಷ, 1992ರ ಏಪ್ರಿಲ್ 29ರವರೆಗೆ. ಅವರು ಇಳಿದ ಮೇಲೆ ಇನ್ನೊಬ್ಬ ಮಹಿಳೆ, ಸುಜಾತಾ ಮನೋಹರ್, ಬಂದದ್ದು 1994ರ ನವೆಂಬರಿನಲ್ಲಿ. ಅಂದರೆ ಆ ಒಬ್ಬ ಮಹಿಳೆ ಪೀಠದಲ್ಲಿದ್ದಷ್ಟೇ ಕಾಲ, ಹೆಚ್ಚುಕಡಿಮೆ, ಆ ನ್ಯಾಯಾಲಯ ಮಹಿಳೆಯೇ ಇಲ್ಲದೆ ನಡೆಯಿತು. 2006ರಲ್ಲಿ ರೂಮಾ ಪಾಲ್ ನಿವೃತ್ತರಾದಾಗಲೂ ಹೀಗೇ ಆಯಿತು. 2010ರವರೆಗೆ ಮತ್ತೆ ಯಾರೂ ಇಲ್ಲ. ಒಮ್ಮೆ ತೆರೆದ ಬಾಗಿಲು ತೆರೆದೇ ಇರುತ್ತದೆ ಎಂದು ನಂಬುವುದು ನಮಗೆಲ್ಲ ಅಭ್ಯಾಸ. ಹಿಡಿದು ನಿಲ್ಲುವವರಿಲ್ಲದಿದ್ದರೆ ಅದು ಮುಚ್ಚಿಕೊಳ್ಳುತ್ತದೆ.

ಅವರ ತೀರ್ಪುಗಳಲ್ಲಿ ಒಂದು ಕರ್ನಾಟಕದ್ದು, 1991ರದು. ಸರ್ಕಾರ ಅಧಿಸೂಚನೆ ಹೊರಡಿಸಿ ಒಂದು ಜಾಗವನ್ನು ಕೊಳಗೇರಿ ಎಂದು ಘೋಷಿಸಿತ್ತು. ಕೊಳಗೇರಿ ಕಾಯಿದೆಯ ಪ್ರಕಾರ ಅಲ್ಲಿದ್ದವರಿಗೆ ಹೊಸ ವಸತಿಯ ಆಸೆ ಹುಟ್ಟಿತು. ಆಮೇಲೆ ಸರ್ಕಾರವೇ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು, ಅಲ್ಲಿದ್ದವರನ್ನು ಒಂದು ಮಾತೂ ಕೇಳದೆ. ಹಾಗೆ ಮಾಡುವಂತಿಲ್ಲ, ಕೊಟ್ಟದ್ದನ್ನು ಕಸಿಯುವ ಮೊದಲು ಅವರ ಅಹವಾಲು ಕೇಳಲೇಬೇಕು ಎಂದಿತು ತೀರ್ಪು.

ಇದನ್ನು ನಾನು ಕಾನೂನಿನ ಪಾಠವಾಗಿ ಮಾತ್ರ ಓದಲಾರೆ. ಎಲ್ಲವೂ ಅಳಿಯುತ್ತದೆ ಎಂಬ ಮಾತು ಗಟ್ಟಿ ಸೂರಿನಡಿ ಕೂತವರಿಗೆ ವೈರಾಗ್ಯ ಕಲಿಸಬಹುದು. ತಗಡಿನ ಮನೆಯಲ್ಲಿ ಮಲಗುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಬೇಕಿರುವುದು ಬೇರೆ: ಹೋಗುವುದು ಹೋಗುವಾಗ ಯಾರ ಕೈಯಿಂದ, ಯಾವ ಕಾರಣಕ್ಕೆ ಹೋಗುತ್ತಿದೆ ಎಂದು ಕೇಳುವ ಹಕ್ಕು. ಯಾವ ನ್ಯಾಯಾಲಯವೂ ಯಾವುದನ್ನೂ ಶಾಶ್ವತ ಮಾಡಿಕೊಡಲಾರದು. ಆದರೆ ಕಾಲ ಒಯ್ಯುವುದಕ್ಕೂ ಕಚೇರಿಯೊಂದು ಕಿತ್ತುಕೊಳ್ಳುವುದಕ್ಕೂ ನಡುವೆ ಗೆರೆ ಎಳೆಯಬಲ್ಲದು. ತಾನೇ ಮರುವರ್ಷ ಪೀಠ ಬಿಡಲಿದ್ದ ನ್ಯಾಯಮೂರ್ತಿ ಆ ಗೆರೆಯನ್ನು ಎಳೆದರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕೀರ್ತಿಯೂ ಹೀಗೇ ಅಸ್ಥಿರ. 1997ರಲ್ಲಿ ಅವರು ತಮಿಳುನಾಡಿನ ರಾಜ್ಯಪಾಲರಾದರು. 2001ರ ಮೇ ತಿಂಗಳಲ್ಲಿ, ಶಿಕ್ಷೆಗೆ ಒಳಗಾಗಿ ಚುನಾವಣೆಗೆ ನಿಲ್ಲಲಾಗದಿದ್ದ ಜಯಲಲಿತಾ ಅವರಿಗೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದರು. ಕೇಂದ್ರದ ಅಸಮಾಧಾನದ ನಡುವೆ ಜುಲೈಗೆ ರಾಜೀನಾಮೆ ಕೊಟ್ಟರು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ನೇಮಕವನ್ನೇ ಅಸಿಂಧು ಎಂದಿತು. ತಾವು ಕೂತಿದ್ದ ನ್ಯಾಯಾಲಯವೇ ತಮ್ಮ ನಿರ್ಧಾರವನ್ನು ತಪ್ಪೆಂದಾಗ ಅವರಿಗೆ 74. ಆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಅದರಿಂದ 1991ರ ತೀರ್ಪಿನ ತೂಕವೇನೂ ಇಳಿಯಲಿಲ್ಲ. ಒಬ್ಬರ ಬದುಕಿನಲ್ಲಿ ಉಳಿಯುವುದು ಯಾವುದು, ಕಳಚಿ ಬೀಳುವುದು ಯಾವುದು ಎಂದು ಆರಿಸುವುದು ಅವರ ಕೈಯಲ್ಲಿರುವುದಿಲ್ಲ. 2023ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಪದ್ಮಭೂಷಣ ಬಂದದ್ದು ಅದರ ಮರುವರ್ಷ.

ಹಿರಿತನದ ಲೆಕ್ಕ ತಪ್ಪದಿದ್ದರೆ 2027ರ ಸೆಪ್ಟೆಂಬರಿನಲ್ಲಿ ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ ಭಾರತದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುತ್ತಾರೆ. ಅವಧಿ 36 ದಿನ. ಅನಿತ್ಯ ಎಂದು ತಲೆಬಾಗಲು ನನಗಿಲ್ಲಿ ಮನಸ್ಸಾಗುವುದಿಲ್ಲ. ನಿವೃತ್ತಿಯ ವಯಸ್ಸು ಎಲ್ಲರಿಗೂ ಒಂದೇ. ಆ ಸ್ಥಾನಕ್ಕೆ ಮಹಿಳೆಯೊಬ್ಬರು ಬರಲು ಎಪ್ಪತ್ತೇಳು ವರ್ಷ ಹಿಡಿಯುತ್ತಿರುವುದು ಮಾತ್ರ ಮನುಷ್ಯರೇ ಮಾಡಿದ ತಡ. ಅವರ ಅವಧಿ ಮುಗಿದ ಮೇಲೆ ಮತ್ತೊಬ್ಬ ಮಹಿಳೆ ಅಲ್ಲಿ ಕೂರಲು ಎಷ್ಟು ವರ್ಷ ಕಾಯಬೇಕು ಎಂಬುದು, ಈಗ ಹೈಕೋರ್ಟುಗಳಿಗೆ ಯಾರನ್ನು, ಯಾವ ವಯಸ್ಸಿನಲ್ಲಿ ಆರಿಸುತ್ತಿದ್ದೇವೆ ಎಂಬುದರಲ್ಲೇ ತೀರ್ಮಾನವಾಗುತ್ತಿದೆ.